ತೈನಾನ್‌ಗೆ ಬಂದ ಅತ್ತೆ

ದೆವ್ವಗಳು ನಂಬುವವರ ಗೋಜಿಗೆ ಹೋಗುವುದಿಲ್ಲ. ಅವಕ್ಕೆ ನಂಬದ ನನ್ನಂಥವರೇ ಬೇಕು. ತುಮಕೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ಮೂವತ್ತು ವರ್ಷ ವಾರ್ಡನ್ ಆಗಿದ್ದೆ. ಪ್ರತಿ ಜೂನ್‌ನಲ್ಲಿ ಹೊಸ ಹುಡುಗಿಯರ ಜೊತೆಗೆ ಒಂದು ಹೊಸ ದೆವ್ವವೂ ಸೇರಿಕೊಳ್ಳುತ್ತಿತ್ತು. ಒಂದು ವರ್ಷ ಎರಡನೇ ಮಹಡಿಯ ಬಚ್ಚಲಲ್ಲಿ ಗೆಜ್ಜೆ ಸದ್ದು. ಹೋಗಿ ನೋಡಿದರೆ ಸೋರುವ ನಲ್ಲಿ, ಅದರ ಕೆಳಗೆ ತಗಡಿನ ಬಕೆಟ್ಟು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಎರಡು ಮಾತು ಕಲಿಸಿದ್ದರು: ಉಗುರು ಸ್ವಚ್ಛವಾಗಿರಬೇಕು, ಕಟ್ಟುಕಥೆ ನಂಬಬಾರದು. ಎರಡನ್ನೂ ಇವತ್ತಿನವರೆಗೆ ಪಾಲಿಸಿದ್ದೇನೆ. ಆದರೂ ತೈವಾನಿನ ತೈನಾನ್ ಎಂಬ ಹಳೇ ಊರಿನಲ್ಲಿ ನಾನೂ ನನ್ನ ಯಜಮಾನರೂ ಕಳೆದ ಮೂರು ದಿನದ ರಜೆಯಲ್ಲಿ, ಪ್ರತಿಯೊಂದು ಸದ್ದಿನ ಕೆಳಗೂ ಬಕೆಟ್ಟು ಸಿಕ್ಕಿತು ಎಂದು ಹೇಳಲಾರೆ.

೧. ಆಹ್ವಾನ

ನಮ್ಮ ಅತ್ತೆ ಗುಬ್ಬಿ ತಾಲ್ಲೂಕು ನಿಟ್ಟೂರಿನವರು. ಮಾವನವರು ಹೋದ ಮೇಲೆ ಶಿರಾ ಗೇಟಿನ ಹತ್ತಿರದ ನಮ್ಮ ಮನೆಗೆ ಬಂದು ಹದಿನೆಂಟು ವರ್ಷ ಇದ್ದರು. ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಒಂದು ಎಲೆಅಡಿಕೆ ಚೀಲ. ಟ್ರಂಕಿನಿಂದ ನನಗೆ ತೊಂದರೆಯಾಗಲಿಲ್ಲ.

ಅವರು ಎಲೆಅಡಿಕೆ ಹಾಕಿಕೊಂಡು ನನ್ನ ಬಿಳಿ ವಾಷ್‌ಬೇಸಿನ್‌ನಲ್ಲಿ ಉಗಿಯುತ್ತಿದ್ದರು. ಪ್ರತಿ ಸಲವೂ ಎಡಗಡೆಯ ಅಂಚಿಗೆ, ಅದೇ ಜಾಗಕ್ಕೆ. ಹದಿನೆಂಟು ವರ್ಷ ಆ ಅಂಚನ್ನು ನಾನು ಸೋಪಿನ ಪುಡಿ ಹಾಕಿ ತಿಕ್ಕಿದ್ದೇನೆ.

"ಅತ್ತೆ, ಹಿತ್ತಲಿಗೆ ಹೋಗಿ ಉಗೀಬಾರದೇ?" ಎಂದರೆ, "ಹಿತ್ಲಲ್ಲಿ ತುಳಸಿ ಐತೆ ಕಣವ್ವ, ಕಾನ್ವೆಂಟಮ್ಮ" ಎನ್ನುತ್ತಿದ್ದರು. ಅವರು ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಆಸ್ಪತ್ರೆ ಸೇರಿದರು. ಒಂದು ಸಂಜೆ ನನ್ನ ಸೆರಗು ಹಿಡಿದು, "ಒಂದೇ ಒಂದು ಎಲೆ ಮಡಿಚಿಕೊಡವ್ವ" ಎಂದರು. "ನಾಳೆ ಡಾಕ್ಟರು ರೌಂಡ್ಸ್ ಮುಗಿಸಲಿ, ಕೇಳಿ ಕೊಡ್ತೀನಿ" ಎಂದೆ. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಅತ್ತೆ ಇರಲಿಲ್ಲ.

ವರ್ಷದ ಎಡೆ ಇಡುವ ದಿನ ಬಂತು. ನಮ್ಮ ಯಜಮಾನರಿಗೆ ಲೇತ್ ವರ್ಕ್‌ಶಾಪ್ ಇದೆ; ಹೊಸ ಮೆಷಿನ್ನಿನ ಟ್ರಯಲ್ ನೋಡಲು ಅದೇ ವಾರ ತೈವಾನಿಗೆ ಹೋಗಲೇಬೇಕಾಯಿತು. ಸ್ವಾತಂತ್ರ್ಯ ದಿನದ ರಜೆ ಕೂಡಿಬಂದಿದ್ದರಿಂದ, ಟ್ರಯಲ್ ಮುಗಿಸಿ ಇಬ್ಬರೂ ಮೂರು ದಿನ ತೈನಾನ್ ನೋಡುವುದೆಂದು ನಾನೇ ಹಟ ಹಿಡಿದೆ. ಕುಣಿಗಲ್‌ನಿಂದ ನಾದಿನಿಯ ಫೋನು ಬಂತು.

"ಅತ್ತಿಗೆ, ನಾನು ಇಲ್ಲಿ ಎಡೆ ಇಟ್ರೆ ಆಗಲ್ಲ. ಮಗನ ಕೈಲೇ ಆಗ್ಬೇಕು. ತಪ್ಪಿಸಿದ್ರೆ ಅವ್ವ ಸುಮ್ನಿರೋಳಲ್ಲ."

ಯಜಮಾನರು ನಿಟ್ಟೂರಿಗೆ ಹೋಗಿ, ಹೊಲದಲ್ಲಿರುವ ಅತ್ತೆಯ ಸಮಾಧಿಯ ಮುಂದೆ ಕೈಮುಗಿದು ಬಂದರು. ಏನು ಹೇಳಿದಿರಿ ಎಂದು ಕೇಳಿದೆ.

"ಎಡೆ ಅಲ್ಲೇ ಇಡ್ತೀನಿ ಕಣವ್ವ, ನೀನೂ ಬಂದ್ಬುಡು ಅಂದೆ."

"ಸರಿ. ಪಾಸ್‌ಪೋರ್ಟು, ಟಿಕೆಟ್ಟು?"

ಅವರು ಗಂಭೀರವಾಗಿ ಹೇಳಿದರು: "ಅವ್ವ ಟಿಕೆಟ್ ತಗೊಂಡು ಬಸ್ ಹತ್ತಿದ್ದನ್ನ ನಾನ್ಯಾವತ್ತೂ ನೋಡಿಲ್ಲ ಕಣೇ. ಹೆಂಗಸರಿಗೆ ಫ್ರೀ ಆಗೋದಕ್ಕೆ ಮುಂಚಿನ ಮಾತು ಹೇಳ್ತಿದೀನಿ."

೨. ಮೂರು ದಿಂಬು

ತೈನಾನ್ ಗುಡಿಗಳ ಊರು. ಎರಡು ಅಂಗಡಿ ದಾಟಿದರೆ ಒಂದು ಗುಡಿ, ಗುಡಿಯ ಪಕ್ಕ ಓಣಿ, ಓಣಿಯ ಕೊನೆಯಲ್ಲಿ ಇನ್ನೊಂದು ಗುಡಿ. ನಾವು ಹೋದದ್ದು ಅವರ ಏಳನೆಯ ತಿಂಗಳು. ಆ ತಿಂಗಳು ಸತ್ತವರಿಗೆಲ್ಲ ಬಾಗಿಲು ತೆರೆದು ಊರಿಗೆ ಬಿಡುತ್ತಾರಂತೆ, ದಸರಾ ರಜೆಗೆ ನಾವು ಹಾಸ್ಟೆಲ್ ಹುಡುಗಿಯರನ್ನು ಬಿಡುತ್ತಿದ್ದ ಹಾಗೆ. ಓಣಿಗಳಲ್ಲಿ ಹಗಲಲ್ಲೇ ಕೆಂಪು ಲಾಂದ್ರಗಳು ತೂಗುತ್ತಿದ್ದವು. ಗಾಳಿ ಇರಲಿಲ್ಲ, ಆದರೂ ತೂಗುತ್ತಿದ್ದವು. ಇದನ್ನು ನಾನು ಗಮನಿಸಿದೆ, ಯಜಮಾನರಿಗೆ ತೋರಿಸಲಿಲ್ಲ.

ಉಳಿದುಕೊಂಡದ್ದು ಲಾಡ್ಜ್ ಮಾಡಿದ್ದ ಒಂದು ಹಳೇ ಮರದ ಮನೆಯಲ್ಲಿ. ಒಡತಿ ನನ್ನ ವಯಸ್ಸಿನ ಹೆಂಗಸು, ನಡೆಯುವಾಗ ಸದ್ದೇ ಇಲ್ಲ. ಅವಳ ಚೀನೀ ಮಾತನ್ನು ಅವಳ ಮೊಬೈಲು ಇಂಗ್ಲಿಷ್ ಮಾಡಿ ಹೇಳುತ್ತಿತ್ತು. ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ ಇಟ್ಟಳು. ಚಹಾ ತಂದಳು, ಮೂರು ಕಪ್ಪು. ನಾನು ಎರಡು ಬೆರಳು ತೋರಿಸಿದೆ. ಅವಳು ನನ್ನ ಭುಜದ ಹಿಂದೆ ಒಮ್ಮೆ ನೋಡಿ, ತಲೆಯಾಡಿಸಿ, ಮೂರನೆಯ ಕಪ್ಪಿಗೂ ಚಹಾ ಬಗ್ಗಿಸಿದಳು.

ರೂಮಿಗೆ ಹೋದರೆ ಸಾಲಾಗಿ ಮೂರು ದಿಂಬು. ಮೂವತ್ತು ವರ್ಷ ತಲೆ ಎಣಿಸಿ ಮಲಗಿಸಿದವಳು ನಾನು. ದಿಂಬು ಹೆಚ್ಚಿದ್ದರೆ ತಲೆಯೂ ಹೆಚ್ಚಿರಬೇಕು.

"ರೀ, ಇದೇನಿದು?"

ಯಜಮಾನರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಬುಕ್ ಮಾಡಿದ್ದು ನಾನೇ ಅಲ್ವಾ. ಮೂರು ಜನ ಅಂತ ಹಾಕಿದೀನಿ. ಕರೆದ ಮೇಲೆ ಮಲಗೋಕೆ ಜಾಗ ಕೊಡ್ಬೇಕಲ್ವೇನೆ?"

ಬಕೆಟ್ಟು ಸಿಕ್ಕಿತು. ಮೂರನೆಯ ದಿಂಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹೆದರಿಕೆಯಿಂದಲ್ಲ, ಅತಿಥಿ ಬಂದ ಮೇಲೆ ಕೊಟ್ಟರಾಯಿತು ಎಂದು.

೩. ಬಂದ್ಯಾ

ಮಾರನೆಯ ಬೆಳಿಗ್ಗೆ ಒಂದು ಹಳೇ ಗುಡಿಗೆ ಹೋದೆವು. ಅಲ್ಲಿನ ದೇವರು ಆ ಊರಿನ ಕಾವಲುಗಾರ. ಸತ್ತವರು ಮೊದಲು ಅವನೆದುರು ನಿಂತು ವಿಚಾರಣೆ ಮುಗಿಸಿಕೊಂಡೇ ಮುಂದೆ ಹೋಗಬೇಕಂತೆ. ಒಳಗೆ ಹೊಗೆ, ಕತ್ತಲು, ಎರಡೂ ಪಕ್ಕ ಕಣ್ಣು ಬಿಟ್ಟುಕೊಂಡು ನಿಂತ ಕಪ್ಪು ಮುಖದ ಅಧಿಕಾರಿಗಳು. ದೇವರಿಗೆ ಬೆನ್ನು ತಿರುಗಿಸಿ ಹೊರಡುವಾಗ ತಲೆಯ ಮೇಲೆ ಒಂದು ದೊಡ್ಡ ಹಲಗೆ ಕಾಣುತ್ತದೆ, ಅದರಲ್ಲಿ ಬಂಗಾರದ ಬಣ್ಣದ ಮೂರೇ ಅಕ್ಷರ.

"ಏನು ಬರೆದಿದೆ?" ಎಂದು ಇಂಗ್ಲಿಷ್ ಬಲ್ಲ ಒಬ್ಬ ಮುದುಕನನ್ನು ಕೇಳಿದೆ.

ಆತ ನಕ್ಕು ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಒಂದೇ ಪದ: "ಬಂದ್ಯಾ."

ಯಜಮಾನರು ಕಂಬ ಹಿಡಿದುಕೊಂಡರು. ಕಾರಣವಿತ್ತು. ಹದಿನೆಂಟು ವರ್ಷ ನಾನು ಹಾಸ್ಟೆಲಿನಿಂದ ಮನೆಗೆ ಬಂದಾಗ, ಅತ್ತೆ ಜಗಲಿಯ ಕುರ್ಚಿಯಲ್ಲಿ ಕೂತು, ತಲೆ ತಿರುಗಿಸದೆ, ಇದೊಂದೇ ಮಾತು ಕೇಳುತ್ತಿದ್ದರು. ಅದರಲ್ಲಿ ಲೇಟಾಯಿತು ಎಂಬುದೂ ಇರುತ್ತಿತ್ತು, ತಮಗಿನ್ನೂ ಕಾಫಿ ಸಿಕ್ಕಿಲ್ಲ ಎಂಬುದೂ ಇರುತ್ತಿತ್ತು.

"ಕೇಳಿಸ್ತೇನೆ?" ಎಂದರು ಯಜಮಾನರು, ಮೆಲ್ಲಗೆ. "ಅವ್ವನ ದನಿ ಕಣೇ."

"ಅದು ಹಲಗೆ. ಹಲಗೆಗೆ ದನಿ ಇರೋದಿಲ್ಲ" ಎಂದೆ.

ಹಾಗೆ ಹೇಳಿ ಹೊಸ್ತಿಲು ದಾಟುವಾಗ, ನನಗೇ ತಿಳಿಯದೆ ಬಾಯಿಂದ ಹೊರಟೇಬಿಟ್ಟಿತು, ಹದಿನೆಂಟು ವರ್ಷ ಕೊಟ್ಟ ಅದೇ ಉತ್ತರ: "ಹೂಂ ಅತ್ತೆ, ಬಸ್ಸು ಲೇಟು."

೪. ಟಕ್, ಟಕ್

ಮಧ್ಯಾಹ್ನ ಸಮುದ್ರದ ಕಡೆಯ ಹಳೇ ಬಡಾವಣೆಗೆ ಹೋದೆವು. ಅಲ್ಲೊಂದು ಪಾಳುಬಿದ್ದ ಗೋದಾಮನ್ನು ಆಲದ ಮರವೊಂದು ನುಂಗಿದೆ. ಚಾವಣಿಯೂ ಮರವೇ, ಗೋಡೆಯೂ ಮರವೇ. ಬಿಳಲುಗಳು ಕಿಟಕಿಯಿಂದ ಒಳಗೆ ಬಂದು ಬಾಗಿಲಿಂದ ಹೊರಗೆ ಹೋಗಿವೆ, ಎಣ್ಣೆ ಕಾಣದ ಮುದುಕಿಯ ಕೂದಲಿನ ಹಾಗೆ. ಒಳಗೆ ನಾವಿಬ್ಬರೇ.

ಆಗ ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು, ಟಕ್.

ಅತ್ತೆ ಅಡಿಕೆ ಕತ್ತರಿಸುವ ಸದ್ದು. ಒಂದು ಹೋಳಿಗೂ ಇನ್ನೊಂದಕ್ಕೂ ನಡುವೆ ಒಂದು ನಿಟ್ಟುಸಿರಿನಷ್ಟು ಬಿಡುವು. ನಿದ್ದೆಗಣ್ಣಿನಲ್ಲೂ ನಾನು ಗುರುತಿಸಬಲ್ಲೆ. ಯಜಮಾನರು ಸದ್ದಿನ ಕಡೆಗೆ ನಡೆದರು. ನಾನು ಹಿಂದೆ ಹೋದೆ. ಹೆಂಡತಿಯಾದವಳು ಇನ್ನೇನು ಮಾಡಬೇಕು?

ಹಿಂದಿನ ಗೇಟಿನಾಚೆ ರಸ್ತೆ ಬದಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯಂಗಡಿ. ಒಳಗೆ ಹಲ್ಲಿಲ್ಲದ ಅಜ್ಜಿಯೊಬ್ಬಳು ಕೂತು ಹಸಿ ಅಡಿಕೆಯನ್ನು ಚಾಕುವಿನಿಂದ ಸೀಳುತ್ತಿದ್ದಳು. ಟಕ್. ಪಕ್ಕದಲ್ಲಿ ವೀಳ್ಯದೆಲೆ. ಚಿಕ್ಕ ಡಬ್ಬಿಯಲ್ಲಿ ಸುಣ್ಣ.

"ಸುಣ್ಣಾನೂ ಐತೆ ಕಣೇ" ಎಂದರು ಯಜಮಾನರು. ಅವರ ಕಣ್ಣು ತುಂಬಿತ್ತು. ಆಮೇಲೆ ನೆನಪಾಗಿ, "ಹೌದೂ, ಅವ್ವನ ಎಲೆಅಡಿಕೆ ಚೀಲ ಸೂಟ್‌ಕೇಸಲ್ಲಿ ಇಟ್ಟಿದ್ದೆ. ನಾಳೆ ಎಡೆಗೆ ಅದು ಬೇಕು. ಯಾವ ಮೂಲೇಲಿದೆ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಹೊರಡುವ ದಿನ ನಾನೇ ತೆಗೆದು ಮನೇಲೇ ಇಟ್ಟೆ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಬಿಚ್ಚಿ ನೋಡಿದರೆ ಮಾನ ಹೋಗುತ್ತೆ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು. "ಆಸ್ಪತ್ರೇಲೂ ಕೊಡ್ಲಿಲ್ಲ, ಇಲ್ಲೂ ಇಲ್ಲ" ಎಂದಷ್ಟೇ ಹೇಳಿ ಮುಂದೆ ನಡೆದರು.

ಅಂಗಡಿಯ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೇಡವೆಂದು ಇಂಗ್ಲಿಷಿನಲ್ಲಿ ಹೇಳಿದೆ, ಅರ್ಥವಾಗಲಿಲ್ಲ. ಕೈಯಾಡಿಸಿದೆ, ಅದೂ ಆಗಲಿಲ್ಲ. ಕೊನೆಗೆ ಕನ್ನಡದಲ್ಲಿ, "ನಮ್ಮ ಮನೇಲಿ ಯಾರೂ ಹಾಕಲ್ಲಮ್ಮ" ಎಂದೆ. ಅವಳು ಬೊಚ್ಚುಬಾಯಿ ತೆರೆದು ನಕ್ಕಳು. ಆ ಒಂದು ಸುಳ್ಳು ಮಾತ್ರ ಅವಳಿಗೆ ಅರ್ಥವಾಗಿತ್ತು.

೫. ಬೇಸಿನ್

ಮೂರನೆಯ ದಿನ ಎಡೆಯ ದಿನ. ಅದೃಷ್ಟವೋ ಏನೋ, ಆ ಓಣಿಯವರಿಗೂ ಅವತ್ತೇ. ಮಧ್ಯಾಹ್ನದ ಬಿಸಿಲಲ್ಲಿ ಪ್ರತಿ ಮನೆ, ಅಂಗಡಿಯ ಮುಂದೆ ಮೇಜು ಹಾಕಿ ಹಣ್ಣು, ಬಿಸ್ಕತ್ತು, ಅನ್ನ ಬಡಿಸಿ, ಒಂದೊಂದು ತಟ್ಟೆಗೂ ಊದುಬತ್ತಿ ಸಿಕ್ಕಿಸಿದ್ದರು. ಉಂಡುಹೋಗಲು ಯಾರ ಮನೆಯ ಸತ್ತವರು ಬೇಕಾದರೂ ಬರಬಹುದು. ಓಣಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೊಗೆ ಮಾತ್ರ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು, ರುಚಿ ನೋಡುತ್ತಾ ಹೋದ ಹಾಗೆ.

ಪ್ರತಿ ಮೇಜಿನ ಕೆಳಗೂ ಒಂದು ಬೇಸಿನ್ನಿನಲ್ಲಿ ಶುಭ್ರವಾದ ನೀರು, ಪಕ್ಕದಲ್ಲಿ ಹೊಸ ಟವೆಲು, ಹಲ್ಲುಜ್ಜುವ ಬ್ರಷ್ಷು. ಯಾಕೆಂದು ಕೇಳಿದೆ. ದೂರದಿಂದ ಬಂದವರು ಊಟಕ್ಕೆ ಮೊದಲು ಮುಖ ತೊಳೆಯಬೇಡವೇ ಎಂದಿತು ಒಡತಿಯ ಮೊಬೈಲು. ಮೂವತ್ತು ವರ್ಷದಲ್ಲಿ ನಾನು ಬದುಕಿರುವ ಹುಡುಗಿಯರಿಗೆ ಕಲಿಸಲಾಗದ್ದನ್ನು ಇವರು ದೆವ್ವಗಳಿಗೆ ಕಲಿಸಿದ್ದರು. ಊರಿನ ಮೇಲೆ ಗೌರವ ಬಂತು.

ಒಡತಿ ತನ್ನ ಮೇಜಿನಲ್ಲಿ ನಮಗೂ ಒಂದು ಮೂಲೆ ಬಿಟ್ಟಳು. ಯಜಮಾನರು ಅತ್ತೆಯ ಚಿಕ್ಕ ಫೋಟೋ ಇಟ್ಟರು. ಊರಿಂದ ತಂದ ಚಕ್ಕುಲಿ, ನಿಪ್ಪಟ್ಟು, ಒಬ್ಬಟ್ಟು, ಒಂದು ಲೋಟ ಕಾಫಿ. ಊದುಬತ್ತಿ ಹಚ್ಚಿದರು. ಆಮೇಲೆ ಒಡತಿ ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡು ಕೊಟ್ಟಳು. ನಮ್ಮಲ್ಲಿ ದೇವರ ಬಲಗಡೆ ಹೂವು ಬಿತ್ತೇ ಎಂದು ಕೇಳುವ ಹಾಗೆ, ಇವನ್ನು ನೆಲಕ್ಕೆ ಹಾಕಿ ಕೇಳಬೇಕು. ಒಂದು ಮಕಾಡೆ, ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಎರಡೂ ಅಂಗಾತ ಬಿದ್ದರೆ ಸತ್ತವರು ಒಪ್ಪದೆ ನಗುತ್ತಿದ್ದಾರೆ ಎಂದರ್ಥ.

"ಅವ್ವ, ಎಡೆ ಒಪ್ಕೊಂಡ್ಯಾ?" ಎಂದು ಯಜಮಾನರು ಹಾಕಿದರು. ಎರಡೂ ಅಂಗಾತ.

ಇನ್ನೊಮ್ಮೆ. ಅಂಗಾತ. ಮೂರನೇ ಸಲವೂ ಅಂಗಾತ.

ಒಡತಿ ಮೊಬೈಲಿನಲ್ಲಿ ಏನೋ ಹೇಳಿದಳು. ಅದು ಹೆಣ್ಣುದನಿಯಲ್ಲಿ ತಣ್ಣಗೆ ನುಡಿಯಿತು: ಏನೋ ಕಡಿಮೆಯಾಗಿದೆ, ಯಾರಿಗೋ ಅದು ಗೊತ್ತಿದೆ.

ಯಜಮಾನರು ನನ್ನ ಕಡೆ ತಿರುಗಲಿಲ್ಲ. ಫೋಟೋ ನೋಡುತ್ತಾ ನಿಂತಿದ್ದರು, ಹೋಂವರ್ಕ್ ಮಾಡದೆ ಶಾಲೆಗೆ ಬಂದ ಹುಡುಗನ ಹಾಗೆ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ.

"ಊದುಬತ್ತಿ ಆರದ ಹಾಗೆ ನೋಡಿಕೊಳ್ಳಿ" ಎಂದೆ.

ಟ್ಯಾಕ್ಸಿ ಹಿಡಿದು ಆ ಆಲದಮರದ ಹಿಂದಿನ ಅಂಗಡಿಗೆ ಹೋದೆ. ಅಜ್ಜಿ ಏನು ಬೇಕೆಂದು ಕೇಳಲೇ ಇಲ್ಲ. ಮಡಿಚಿಟ್ಟ ಒಂದು ಎಲೆಯನ್ನು ಆಗಲೇ ತೆಗೆದಿಟ್ಟಿದ್ದಳು. ನನಗಿಂತ ಮೊದಲು ಬಂದವರು ಯಾರೋ ಹೇಳಿಹೋದ ಹಾಗೆ. ಇದಕ್ಕೂ ಒಂದು ಬಕೆಟ್ಟು ಇರಬೇಕು, ನಾನು ಹುಡುಕಲಿಲ್ಲ.

ವಾಪಸು ಬಂದು ಫೋಟೋದ ಮುಂದೆ ಅದನ್ನಿಟ್ಟೆ. ಜನ ನೋಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡು, ಹಾಜರಿ ಕೂಗುವ ದನಿಯಲ್ಲೇ ಹೇಳಿದೆ: "ಅತ್ತೆ, ಅವತ್ತೇ ಕೊಡಬೇಕಿತ್ತು. ಡಾಕ್ಟರನ್ನು ಕೇಳುವಂಥದ್ದಲ್ಲ ಅದು. ತಪ್ಪಾಯಿತು."

ತುಂಡುಗಳನ್ನು ನಾನೇ ಹಾಕಿದೆ. ಒಂದು ಮಕಾಡೆ, ಒಂದು ಅಂಗಾತ.

ಯಜಮಾನರು ಟವೆಲಿನಿಂದ ಕಣ್ಣೊರೆಸಿಕೊಂಡರು. ಅದು ದೆವ್ವಗಳ ಟವೆಲು ಎಂದು ಎಚ್ಚರಿಸಿದೆ. ಊದುಬತ್ತಿ ಉರಿದು ಮುಗಿಯುವವರೆಗೆ ಆ ಕಡೆ ನೋಡಬಾರದಂತೆ. ಒಳಗೆ ಹೋಗಿ ಕೂತೆವು, ಒಡತಿ ಮೂರು ಕಪ್ಪು ಚಹಾ ಕೊಟ್ಟಳು, ಈ ಸಲ ನಾನು ಬೆರಳು ತೋರಿಸಲಿಲ್ಲ. ಬೀರುವಿನ ಬೀಗ ತೆಗೆದು ದಿಂಬನ್ನೂ ಹೊರಗಿಟ್ಟೆ.

ಅರ್ಧ ಗಂಟೆ ಬಿಟ್ಟು ಬಂದರೆ ಊದುಬತ್ತಿ ಬೂದಿಯಾಗಿತ್ತು. ಚಕ್ಕುಲಿ ಇದ್ದ ಹಾಗೇ ಇತ್ತು. ಎಲೆಯೂ ಇಟ್ಟ ಹಾಗೇ ಇತ್ತು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ.

ಶುಭ್ರವಾಗಿದ್ದ ನೀರು ಕೆಂಪಾಗಿತ್ತು.

"ಯಾರೋ ಟ್ಯಾಕ್ಸಿಯವ್ನು ಹೋಗ್ತಾ ಉಗ್ದಿರ್ಬೇಕು, ಬುಡು" ಎಂದರು ಯಜಮಾನರು. ಅವ್ವ ಬಂದವ್ಳೆ ಎಂದು ಮೂರು ದಿನ ನನ್ನ ಪ್ರಾಣ ತಿಂದವರು, ನನ್ನ ಮುಖ ನೋಡಿ ಈಗ ನನಗೇ ಧೈರ್ಯ ಹೇಳುತ್ತಿದ್ದರು.

ಟ್ಯಾಕ್ಸಿಯವನು ಉಗಿದಿದ್ದರೆ ಎಲ್ಲಿ ಬೇಕಾದರೂ ಬೀಳುತ್ತಿತ್ತು. ಇದು ಎಡಗಡೆಯ ಅಂಚಿನಿಂದ ಇಳಿದಿತ್ತು.

ಒಡತಿ ಬಾಗಿಲು ತೆಗೆಯುವ ಸದ್ದಾಯಿತು. ನಾನು ಬೇಸಿನ್ನನ್ನು ಸೆರಗಿನ ಮರೆಯಲ್ಲಿ ಹಿಡಿದು ಓಣಿಯ ನಲ್ಲಿಗೆ ಓಡಿದೆ. ಅಂಚು ತಿಕ್ಕುತ್ತಾ, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದೆ: "ಅತ್ತೆ, ನಮ್ಮ ಮನೇಲಿ ಏನಾದ್ರೂ ಮಾಡಿಕೊಳ್ಳಿ. ಪರದೇಶದಲ್ಲಿ, ಇನ್ನೊಬ್ಬರ ಬೇಸಿನ್ನಿನಲ್ಲಿ ಉಗೀಬಾರದು."