ಬೆರಳಿಗೆ ಸಿಗದ ಬಿಸ್ಕತ್ತು

ನಮ್ಮ ದೊಡ್ಡಪ್ಪ ಆ ಹಳೇ ಬಿಸ್ಕತ್ತು ಕಂಪನಿಯ ಚರಿತ್ರೆ ಬರೆದಿದ್ದರೆ ಕಂಪನಿ ಎಂದೋ ಬಾಗಿಲು ಹಾಕುತ್ತಿತ್ತು! ಪುಣ್ಯಕ್ಕೆ ಬರೆಯಲಿಲ್ಲ, ಹೇಳಿದರು. ಅದೂ ಮನೆಗೆ ಬಂದವರಿಗೆಲ್ಲ. ಮೊದಲು ತಗಡಿನ ಡಬ್ಬದ ಕಾಲವಂತೆ, ಆಗ ಬಿಸ್ಕತ್ತು ಹೆಬ್ಬೆರಳಿನ ದಪ್ಪವಂತೆ. ಆಮೇಲೆ ಮೇಣದ ಕಾಗದದ ಕಾಲ, ಬಿಸ್ಕತ್ತು ಕಿರುಬೆರಳಿಗೆ ಇಳಿಯಿತು. ಈಗಿನ ಪ್ಲಾಸ್ಟಿಕ್ ಕಾಲದ ಬಿಸ್ಕತ್ತಿಗೆ ಹೋಲಿಸಲು ಅವರ ಕೈಯಲ್ಲಿ ಬೆರಳೇ ಇರಲಿಲ್ಲ. ಮರಳವಾಡಿಯಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಇದೇ ಪುರಾಣ. ತಟ್ಟೆಯ ಬಿಸ್ಕತ್ತನ್ನು ಇವರು ಬೆಳಕಿಗೆ ಹಿಡಿದು ಬೈಯುತ್ತಿದ್ದರೆ ಅವರಾದರೂ ಹೇಗೆ ತಿನ್ನಬೇಕು?

ಊರಿಗೆ ಊರೇ ರೇಷ್ಮೆಯ ಹಿಂದೆ ಬಿದ್ದಿದ್ದ ಕಾಲ ಅದು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮಾರಿ ಬರುವಾಗ ದೊಡ್ಡಪ್ಪ ಒಂದು ಪ್ಯಾಕೆಟ್ಟು ತರುತ್ತಿದ್ದರು. ಲಕ್ವ ಹೊಡೆದು ಕೂತಿದ್ದ ದೊಡ್ಡಮ್ಮನಿಗೆ ಟೀ ಜೊತೆ ಅದೇ ಆಗಬೇಕು. ಆದರೆ ಸುಮ್ಮನೆ ತರುತ್ತಿದ್ದರೇ? ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಅದನ್ನು ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಂತೆ ಇವರು ಅಂಗಡಿಯಲ್ಲಿ ಪ್ಯಾಕೆಟ್ಟುಗಳನ್ನು ಹಿಚುಕಿ, ಅಲ್ಲಾಡಿಸುತ್ತಿದ್ದರು. ನಾಲ್ಕನ್ನು ಪುಡಿ ಮಾಡಿ ಐದನೆಯದನ್ನು ಕೊಳ್ಳುವ ಗಿರಾಕಿಯನ್ನು ಯಾವ ಅಂಗಡಿಯವನು ಸಹಿಸುತ್ತಾನೆ? ಬೈಗುಳದಲ್ಲಿ ಅರ್ಧ ಪಾಲು ಜೊತೆಯಲ್ಲಿದ್ದ ನನಗೆ ಸಿಗುತ್ತಿತ್ತು.

ಒಂದು ದಿನವಂತೂ ದೊಡ್ಡಪ್ಪ ಮಾರ್ಕೆಟ್ಟಿನಲ್ಲಿ ಗೂಡಿನ ಪಕ್ಕ ಬಿಸ್ಕತ್ತನ್ನೂ ಹರಾಜಿಗೆ ಇಟ್ಟರು! ನಮ್ಮ ಗೂಡು ಕೊಳ್ಳುವ ರೀಲರ್ ಸಾಹೇಬರನ್ನು ತಡೆದು ನಿಲ್ಲಿಸಿದರು.

“ನಮ್ ಗೂಡು ಒಸಿ ತೆಳ್ಳಗಾದ್ರೆ ನೀವು ರೇಟು ಇಳುಸ್ಬುಡ್ತೀರ. ಬಿಸ್ಕತ್ತು ತೆಳ್ಳಗಾದ್ರೆ ಅವ್ರ್ಯಾಕೆ ಇಳ್ಸಕಿಲ್ಲ, ಹೇಳಿ ಸಾಹೇಬ್ರೆ?”

ಸಾಹೇಬರು ಗಂಭೀರವಾಗಿ ಒಂದು ಬಿಸ್ಕತ್ತು ಹಿಚುಕಿದರು. ಪುಡಿಯಾಯಿತು.

“ಇದ್ರಲ್ಲಿ ನೂಲು ಬರಲ್ಲ ಗೌಡ್ರೆ,” ಎಂದು ಮುಂದೆ ಹೋದರು. ಮಾರ್ಕೆಟ್ಟೆಲ್ಲ ನಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಮನೆ ಸೇರಿದವಳೇ ಕೂಗಾಡಿದೆ. ಒಂದು ಬಿಸ್ಕತ್ತಿಗಾಗಿ ಮನೆತನದ ಮಾನ ಹರಾಜಿಗೆ ಇಡಬೇಕೇ? ದೊಡ್ಡಪ್ಪ ದೊಡ್ಡಮ್ಮನ ಮುಂದೆ ಟೀ, ಬಿಸ್ಕತ್ತು ಇಟ್ಟರು.

ದೊಡ್ಡಮ್ಮನಿಗೆ ಅನ್ನ ನಾವೇ ತಿನ್ನಿಸಬೇಕಿತ್ತು. ತಾವೇ ತಿನ್ನುತ್ತಿದ್ದುದು ಟೀಗೆ ಅದ್ದಿದ ಆ ಬಿಸ್ಕತ್ತೊಂದೇ. ನಡುಗುವ ಕೈ ಲೋಟದಿಂದ ಬಾಯಿಗೆ ಬರುವಷ್ಟರಲ್ಲಿ ಅದು ಮುರಿದು ಮಡಿಲಿಗೆ ಬಿತ್ತು. ಇನ್ನೊಂದು ಎತ್ತಿಕೊಂಡರು. ಅದೂ ಬಿತ್ತು. ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ದಪ್ಪ ಇದ್ದಿದ್ರೆ ಬಾಯ್ಗಂಟ ಬತ್ತಿತ್ತು ಕಣವ್ವ,” ಎಂದರು ದೊಡ್ಡಪ್ಪ ನನ್ನ ಕಡೆ ನೋಡದೆ.

ನನಗೆ ನಾಚಿಕೆಯಾಯಿತು. ಆ ಕಂಪನಿಯ ಮೇಲೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ದೊಡ್ಡಪ್ಪ ಎರಡು ಬಿಸ್ಕತ್ತು ಜೋಡಿಸಿ ದೊಡ್ಡಮ್ಮನ ಬೆರಳುಗಳ ನಡುವೆ ಇಟ್ಟು, ಕೆಳಗೆ ತಮ್ಮ ಅಂಗೈ ಹಿಡಿದರು. ಈ ಸಲ ಬೀಳಲಿಲ್ಲ. ದೊಡ್ಡಮ್ಮ ತಮ್ಮ ಕೈಯಾರೆ ತಿಂದರು.