ಆಕಾಶದಲ್ಲಿ ಸಿಕ್ಕಿಬಿದ್ದ ಸಂಸಾರ

ಮಗಳು ಹುಟ್ಟಿದ ಮೂರನೆಯ ದಿನ ನಾನು ಆಕಾಶವನ್ನು ತ್ಯಾಗ ಮಾಡಿದೆ!

ರಾಜ್ಯ ತ್ಯಾಗ ಮಾಡಿದವರ ಕಥೆ ನೀವು ಕೇಳಿರುತ್ತೀರಿ. ಡಾಕ್ಟರಿಗೆ ಹೆದರಿ ಸಕ್ಕರೆ ತ್ಯಾಗ ಮಾಡಿದವರಂತೂ ಮನೆಗೊಬ್ಬರಿದ್ದಾರೆ. ಆದರೆ ಇಡೀ ಆಕಾಶವನ್ನೇ ಬಿಟ್ಟುಕೊಟ್ಟ ಮಹಾನುಭಾವ ನಮ್ಮ ತೊಲ್ಮಿನ್ ಪಟ್ಟಣದಲ್ಲಿ ನಾನೊಬ್ಬನೇ! ಹನ್ನೊಂದು ವರ್ಷ ಕೊಬಾಲಾ ಬೆಟ್ಟದ ನೆತ್ತಿಯಿಂದ ಪ್ಯಾರಾಗ್ಲೈಡರಿನ ರೆಕ್ಕೆ ಕಟ್ಟಿಕೊಂಡು ಜಿಗಿದು, ಸೋಚಾ ನದಿಯ ಮೇಲೆ ಹದ್ದಿನ ಹಾಗೆ ಸುತ್ತಿದವನು ನಾನು. ಶಾಲೆಯಲ್ಲಿ ನನ್ನದು ಭೂಗೋಳ ಪಾಠ. "ನಮ್ಮ ಇಜಿದೋರ್ ಮೇಷ್ಟ್ರು ಗೋಳದ ಮೇಲಿರ್ತಾರೆ, ಭೂಮಿ ಮೇಲಿರಲ್ಲ" ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು.

ನನ್ನ ಹೆಂಡತಿ ಅಲೆಂಕಾ ನನಗೆ ಸಿಕ್ಕಿದ್ದೂ ಅದೇ ಬೆಟ್ಟದಲ್ಲಿ. ಅವಳು ನನಗಿಂತ ಚೆನ್ನಾಗಿ ಹಾರುತ್ತಾಳೆ. ಈ ಒಂದು ವಾಕ್ಯ ಬರೆಯಲು ನನಗೆ ಎಂಟು ವರ್ಷ ಬೇಕಾಯಿತು!

ಪ್ರತಿಜ್ಞೆ ಮಾಡಿದ್ದು ಅತ್ತೆಯ ಮನೆಯ ಊಟದ ಮೇಜಿನಲ್ಲಿ. ನಮ್ಮ ಕಣಿವೆಯಲ್ಲಿ ಅಜ್ಜಿಗೆ ನೋನಾ ಎನ್ನುತ್ತೇವೆ, ಅಜ್ಜನಿಗೆ ನೋನೊ. ಮಗಳು ಬ್ರಿನಾ ಹುಟ್ಟಿದ ಗಳಿಗೆಯಿಂದ ಅತ್ತೆ ಪಾವ್ಲಾ ಊರಿಗೆಲ್ಲ ನೋನಾ ಆಗಿದ್ದರು. ನಾನು ವೈನಿನ ಲೋಟ ಎತ್ತಿ, ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಅಪ್ಪನಾದ ಮೇಲೆ ಅಪಾಯ ಯಾಕೆ? ಇಂದಿನಿಂದ ನನ್ನ ಹಾರಾಟಕ್ಕೆ ಮಂಗಳ!"

"ನೀನೊಬ್ಬನೇ ಬಿಟ್ರೆ ತ್ಯಾಗಮೂರ್ತಿ ಪಟ್ಟ ಪೂರ್ತಿ ನಿನಗೇ ಹೋಗುತ್ತೆ. ಅದೆಲ್ಲ ಆಗಲ್ಲ. ನಾನೂ ಬಿಟ್ಟೆ!" ಎಂದಳು ಅಲೆಂಕಾ.

ನೋನಾ ಕಣ್ಣೊರೆಸಿಕೊಂಡರು. ಆನಂದಬಾಷ್ಪ ಎಂದುಕೊಂಡೆ. "ಸದ್ಯ! ನೀವಿಬ್ಬರೂ ಎಲ್ಲಾದ್ರೂ ಬಿದ್ದು ಸತ್ರೆ ಈ ಅರವತ್ತಾರನೇ ವಯಸ್ಸಲ್ಲಿ ನಾನು ಮತ್ತೆ ಮೊದಲಿನಿಂದ ಮಗು ಸಾಕಬೇಕಾಗಿತ್ತು!" ಎಂದು ನಮ್ಮಿಬ್ಬರ ರೆಕ್ಕೆಚೀಲಗಳನ್ನೂ ಅಟ್ಟಕ್ಕೆ ಸಾಗಿಸಿ, ಒಣಗಲು ತೂಗುಹಾಕಿದ್ದ ಹಂದಿಯ ತೊಡೆಗಳ ಪಕ್ಕದಲ್ಲಿಟ್ಟು ಬೀಗ ಜಡಿದರು.

ಮೊದಲ ತಿಂಗಳು ನಾನು ಸಂತ. ಎರಡನೆಯ ತಿಂಗಳು ಅರ್ಧ ಸಂತ. ಬೇಸಿಗೆ ಬಂತು ನೋಡಿ, ಬೆಟ್ಟದ ಮೇಲೆ ಬೆಳ್ಳನೆಯ ಮೋಡಗಳು ಹತ್ತಿಯ ಉಂಡೆಗಳಂತೆ ಸಾಲಾಗಿ ನಿಂತವು. ಹಾರುವವನಿಗೆ ಅಂಥ ಮೋಡವೆಂದರೆ ಕುಡುಕನಿಗೆ ತೆರೆದ ಪೀಪಾಯಿ! ನಾನು ಡಯಾಪರ್ ಬದಲಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದೆ. ಒಂದು ಸಲ ಮಗುವಿನ ಬದಲು ದಿಂಬಿಗೆ ಡಯಾಪರ್ ಕಟ್ಟಿದೆ.

"ಏನು ನೋಡ್ತಿದೀಯ ಹೊರಗೆ?" ಎನ್ನುವಳು ಅಲೆಂಕಾ.

"ಮಳೆ ಬರುತ್ತೇನೋ ಅಂತ. ಬಟ್ಟೆ ಒಣಗಿದ್ಯಾ?" ಎನ್ನುವೆ ನಾನು. ಹಾರಾಟ ಬಿಟ್ಟವನಿಗೆ ಉಳಿದದ್ದು ಹಾರಿಕೆಯ ಉತ್ತರ ಒಂದೇ!

ಬ್ರಿನಾಗೆ ಎಂಟು ತಿಂಗಳು ತುಂಬಿದ ವಾರ, ಶನಿವಾರ ಬೆಳಿಗ್ಗೆ ಅಲೆಂಕಾ ಚೀಲ ಹೆಗಲಿಗೇರಿಸಿಕೊಂಡಳು. ಅವಳು ದವಾಖಾನೆಯಲ್ಲಿ ನರ್ಸ್. "ಇವತ್ತು ಹೆಚ್ಚುವರಿ ಡ್ಯೂಟಿ. ಮಗು ನಿನ್ನ ಜವಾಬ್ದಾರಿ" ಎಂದಳು.

"ನಿಶ್ಚಿಂತೆಯಿಂದ ಹೋಗಿ ಬಾ" ಎಂದೆ. ಅವಳು ಬೀದಿ ತಿರುಗಿದ್ದೇ ತಡ, ನೋನಾಗೆ ಫೋನ್. "ಅತ್ತೆ, ಶಾಲೆಯಲ್ಲಿ ತುರ್ತು ಮೀಟಿಂಗು. ಮಗೂನ ಒಂದೆರಡು ಗಂಟೆ ನೋಡ್ಕೋತೀರಾ?"

"ಶನಿವಾರ ಮೀಟಿಂಗಾ? ಹ್ಞೂಂ. ತಂದು ಬಿಡಿ ಅಳಿಯಂದ್ರೇ."

ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಮೋಡ ತಲೆಯೊಳಗೇ ತುಂಬಿಕೊಂಡಿತ್ತು.

ಗೆಳೆಯ ಬೋರುತ್ ಪ್ರವಾಸಿಗರನ್ನು ಇಬ್ಬರನ್ನು ಹೊರುವ ತನ್ನ ಜೋಡಿ ರೆಕ್ಕೆಯಲ್ಲಿ ಕಟ್ಟಿಕೊಂಡು ಹಾರಿಸುವವನು. ಅವನ ಶೆಡ್ಡಿನಿಂದ ಒಂದು ಕಿತ್ತಳೆ ಬಣ್ಣದ ಹಳೆಯ ರೆಕ್ಕೆ ಎರವಲು ಪಡೆದೆ. "ಬೋರುತ್, ಇದು ಯಾರಿಗೂ ಗೊತ್ತಾಗಬಾರದು!"

"ನನ್ನ ಬಾಯಿ ಅಂದ್ರೆ ಸಮಾಧಿ ಕಣೋ" ಎಂದ. ಆ ಸಮಾಧಿಯಲ್ಲಿ ಆಗಲೇ ಎಷ್ಟು ಜನ ಮಲಗಿದ್ದಾರೆಂದು ನನಗೇನು ಗೊತ್ತು!

ಬೆಟ್ಟದ ನೆತ್ತಿಯಲ್ಲಿ ನಾಲ್ಕು ಹೆಜ್ಜೆ ಓಡಿದೆ. ಐದನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಆಹಾ! ಬಿಸಿಗಾಳಿಯ ಸುಳಿ ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡಿತು. ಕೆಳಗೆ ಸೋಚಾ ನದಿ ಹಸಿರು ರಿಬ್ಬನ್ನಿನಂತೆ ಬಿದ್ದುಕೊಂಡಿತ್ತು. ನನ್ನ ಮನೆ ಬೆಂಕಿಪೆಟ್ಟಿಗೆಯಷ್ಟು, ನನ್ನ ಪ್ರತಿಜ್ಞೆ ಕಡ್ಡಿಯಷ್ಟು!

ಅದೇ ಸುಳಿಯಲ್ಲಿ ನನಗಿಂತ ಸ್ವಲ್ಪ ಮೇಲೆ ಹಸಿರು ರೆಕ್ಕೆಯೊಂದು ಸುತ್ತುತ್ತಿತ್ತು. ಎಂಥ ಸೊಗಸಾದ ತಿರುವು! ಮೆಚ್ಚಿಕೊಳ್ಳುತ್ತಾ ಹತ್ತಿರ ಹೋದೆ. ಆ ಹಾರುಗನ ಜಾಕೆಟ್ಟು ಎಲ್ಲೋ ನೋಡಿದ ಹಾಗಿತ್ತು. ಮೊಣಕೈಗೆ ತೇಪೆ ಹಾಕಿದ ನೀಲಿ ಜಾಕೆಟ್ಟು. ಬೆಳಿಗ್ಗೆಯಿಂದ ನಾನು ಮನೆಯೆಲ್ಲ ಹುಡುಕಿದ್ದ ನನ್ನದೇ ಜಾಕೆಟ್ಟು!

"ಅಲೆಂಕಾ!"

ಹಸಿರು ರೆಕ್ಕೆ ಬೆಚ್ಚಿ ಒಂದು ಓಲಾಟ ಓಲಾಡಿತು. "ಇಜಿದೋರ್! ನೀನಿಲ್ಲೇನು ಮಾಡ್ತಿದೀಯ?"

"ನಿನ್ನ ಡ್ಯೂಟಿ ಎಲ್ಲಿ ಹೋಯ್ತು? ರೋಗಿಗಳು ಮೋಡದಲ್ಲಿ ಮಲಗಿದ್ದಾರಾ?"

"ಅದು ಆಮೇಲೆ! ಮಗು ನಿನ್ನ ಹತ್ರ ಇದೆ ಅಂತ ನಾನು ಬಂದ್ರೆ... ಮಗು ಎಲ್ಲಿ?"

"ನೋನಾ ಹತ್ರ ಬಿಟ್ಟು ಬಂದೆ!"

"ಥೂ ಸುಳ್ಳುಗಾರ!"

"ನೀನು ಹರಿಶ್ಚಂದ್ರನ ತಂಗಿ ಪಾಪ!"

ನೆಲದಿಂದ ಸಾವಿರ ಮೀಟರ್ ಮೇಲೆ ಗಂಡ ಹೆಂಡತಿ ಜಗಳವಾಡಿದರೆ ಒಂದು ಅನುಕೂಲವಿದೆ. ಯಾರೂ ಬಾಗಿಲು ಬಡಿದು ಹೊರಟುಹೋಗುವಂತಿಲ್ಲ. ಎರಡು ಸುತ್ತು ಬೈದಾಡಿಕೊಂಡೆವು. ಅವಳ ರೆಕ್ಕೆಯೂ ಬೋರುತ್‌ನ ಶೆಡ್ಡಿನದೇ ಎಂದು ಅಲ್ಲೇ ಬಯಲಾಯಿತು. ಮೂರನೆಯ ಸುತ್ತಿನಲ್ಲಿ ಅಲೆಂಕಾಗೆ ನಗು ಬಂತು.

"ಎಂಟು ತಿಂಗಳು ಕಣೋ" ಎಂದಳು. "ಮಗು ಮಲಗಿದಾಗೆಲ್ಲ ಕಿಟಕಿ ಹತ್ರ ನಿಂತು ಮೋಡ ಎಣಿಸ್ತಿದ್ದೆ. ನಿನಗೆ ಹೇಳೋಕೆ ನಾಚಿಕೆ."

"ನಾನು ದಿಂಬಿಗೆ ಡಯಾಪರ್ ಹಾಕಿದ್ದೆ" ಎಂದು ಒಪ್ಪಿಕೊಂಡೆ.

ಅವಳ ನಗು ಗಾಳಿಯಲ್ಲಿ ತೇಲಿ ಬಂತು. ಮದುವೆಗೆ ಮುಂಚಿನ ನಗು ಅದು. ಅಕ್ಕಪಕ್ಕ ಸುತ್ತುತ್ತಾ, ನನ್ನಷ್ಟು ಸುಖಿ ಈ ಕಣಿವೆಯಲ್ಲೇ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ "ಹೋಯ್ ಹೋಯ್ ಹೋಯ್!" ಎಂಬ ಕೇಕೆ ಕೇಳಿಸಿತು.

ಬೋರುತ್‌ನ ಜೋಡಿ ರೆಕ್ಕೆ ಬರುತ್ತಿತ್ತು. ಮುಂದೆ ಕಟ್ಟಿಸಿಕೊಂಡ ಪ್ರವಾಸಿಯ ಎರಡೂ ಕಾಲು ಗಾಳಿಯನ್ನು ಒದೆಯುತ್ತಿದ್ದವು. ಹೆಲ್ಮೆಟ್ಟಿನ ಕೆಳಗೆ ಹೂವಿನ ತಲೆವಸ್ತ್ರ. ಹೊಟ್ಟೆಯ ಮೇಲೆ ಬಿಗಿಯಾಗಿ ಅಪ್ಪಿ ಹಿಡಿದ ಕಪ್ಪು ಕೈಚೀಲ. ಆ ಕೈಚೀಲವನ್ನು ನಾನು ಪ್ರತಿ ಭಾನುವಾರ ಚರ್ಚಿನಲ್ಲಿ ನೋಡುತ್ತೇನೆ!

"ಅಮ್ಮಾ!" ಎಂದು ಕಿರುಚಿದಳು ಅಲೆಂಕಾ.

"ಓಹೋಹೋ! ಮೀಟಿಂಗು ಜೋರಾಗಿ ನಡೀತಿದೆಯಲ್ಲ ಅಳಿಯಂದ್ರೇ!" ಎಂದರು ನೋನಾ.

"ಅಮ್ಮಾ, ಮಗು ಎಲ್ಲಿ?"

ನೋನಾ ಏನೋ ಕೂಗಿದರು. ಗಾಳಿ ಅರ್ಧ ನುಂಗಿತು. ಉಳಿದದ್ದು ಒಂದೇ ಮಾತು: "...ಕಾರ್ಲೊ...!"

ಕಾರ್ಲೊ ಅಂದರೆ ನಮ್ಮ ಮಾವ. ಹೋದ ವರ್ಷ ಪೆಟ್ರೋಲ್ ಬಂಕಿನಲ್ಲಿ ನೋನಾರನ್ನೇ ಮರೆತು ಮನೆಗೆ ಬಂದು, ಮಧ್ಯಾಹ್ನ ಮೇಜಿನ ಮೇಲೆ ಊಟ ಕಾಣದಾಗ "ಎಲ್ಲೋ ಏನೋ ಕಮ್ಮಿಯಾಗಿದೆ" ಎಂದುಕೊಂಡ ಮಹಾತ್ಮರು! ಅಂಥವರ ಕೈಯಲ್ಲಿ ನನ್ನ ಎಂಟು ತಿಂಗಳ ಕೂಸು!

ನಗಬೇಡಿ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಾಲ ಕೆಳಗೆ ಏನೂ ಇಲ್ಲ ಎಂಬುದು ನನಗೆ ಗೊತ್ತಾಯಿತು. ಸಾಯುವ ಹೆದರಿಕೆಯಲ್ಲ ಅದು. ಅಲ್ಲಿ ಕೆಳಗೆ ಒಂದು ಪುಟ್ಟ ಜೀವವಿದೆ, ಅದು ಅತ್ತರೆ ನನಗೆ ಕೇಳಿಸುವುದಿಲ್ಲ ಎಂಬ ಹೆದರಿಕೆ. ಅಲೆಂಕಾಳ ಕಡೆ ನೋಡಿದೆ. ಅವಳ ಮುಖವೂ ಬಿಳಿಚಿತ್ತು. ಇಬ್ಬರೂ ಗಿರಗಿರನೆ ಕೆಳಗಿಳಿಯತೊಡಗಿದೆವು.

ಅಲೆಂಕಾ ಇಳಿಯುವ ಮೈದಾನದ ನಟ್ಟನಡುವೆ ಎಲೆಯಂತೆ ಇಳಿದು ಓಡಿದಳು. ನಾನು ಅವಸರದಲ್ಲಿ ಮೈದಾನ ದಾಟಿ, ಬೇಲಿ ದಾಟಿ, ಒಂದು ಭಾರೀ ಅಕ್ರೋಟು ಮರಕ್ಕೆ ಹೋಗಿ ಸಿಕ್ಕಿಕೊಂಡೆ. ಒಂದು ಬೂಟು ಕೆಳಗೆ, ಪ್ಯಾಂಟಿನ ಹಿಂಭಾಗ ಮೇಲಿನ ಕೊಂಬೆಯಲ್ಲಿ, ಉಳಿದ ಮೇಷ್ಟ್ರು ನಡುವೆ!

ಅಲ್ಲಿಂದ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೈದಾನದ ಅಂಚಿನ ಬೆಂಚಿನ ಮೇಲೆ ಮಾವ ಕೂತಿದ್ದರು. ಪಕ್ಕದಲ್ಲಿ ಮಗುವಿನ ಗಾಡಿ. ಗಾಡಿಯ ಹಿಡಿಗೂ ತಮ್ಮ ಬೆಲ್ಟಿಗೂ ಒಂದು ಹಗ್ಗ ಬಿಗಿದುಕೊಂಡಿದ್ದರು. ಬ್ರಿನಾ ರೊಟ್ಟಿಯ ತುಂಡು ಚೀಪುತ್ತಾ, ಮರದಲ್ಲಿ ತೂಗುವ ಅಪ್ಪನನ್ನು ನೋಡಿ ಕೇಕೆ ಹಾಕಿ ಚಪ್ಪಾಳೆ ತಟ್ಟಿದಳು.

"ಅಪ್ಪಾ, ಈ ಹಗ್ಗ ಯಾಕೆ?" ಎಂದು ಅಲೆಂಕಾ ಮಗುವನ್ನು ಎತ್ತಿ ಅಪ್ಪಿಕೊಂಡು ಏದುಸಿರಿನಲ್ಲಿ ಕೇಳಿದಳು.

"ನನಗೆ ಮರೆವು ಜಾಸ್ತಿ ಅಲ್ವೇನಮ್ಮ" ಎಂದರು ಮಾವ ಶಾಂತವಾಗಿ. "ಎದ್ದು ಹೋದ್ರೂ ಜೊತೆಗೇ ಬರುತ್ತೆ ಅಂತ."

ಅಷ್ಟೂ ಜನರಲ್ಲಿ ತನ್ನ ದೌರ್ಬಲ್ಯ ತಿಳಿದು ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡವರು ಅವರೊಬ್ಬರೇ!

ನನ್ನನ್ನು ಏಣಿ ಹಾಕಿ ಇಳಿಸಿದ ಮೇಲೆ ನೋನಾರ ಅಡುಗೆಮನೆಯಲ್ಲಿ ನ್ಯಾಯ ಪಂಚಾಯಿತಿ. ಬಾಣಲೆಯಲ್ಲಿ ಆಲೂಗೆಡ್ಡೆ, ಚೀಸು ಚಟಪಟ ಎನ್ನುತ್ತಿದ್ದವು.

"ಅತ್ತೆ, ನೀವು ಯಾಕೆ ಹಾರಿದ್ರಿ?" ಎಂದೆ, ದನಿಯಲ್ಲಿ ಸಾಧ್ಯವಾದಷ್ಟು ಗದರಿಕೆ ತುಂಬಿ.

"ಇಬ್ಬರೂ ಎಂಟು ತಿಂಗಳಿಂದ ಮೋರೆ ಇಳಿಬಿಟ್ಟುಕೊಂಡು ಆಕಾಶ ನೋಡ್ತಿದ್ರಿ. ಅಂಥದ್ದು ಅಲ್ಲಿ ಏನಿದೆ ಅಂತ ನೋಡದೆ ಬಯ್ಯೋದು ಹೇಗೆ? ನೋಡ್ಬಿಟ್ಟು ಚೆನ್ನಾಗಿ ಬಯ್ಯೋಣ ಅಂತ ಹೋದೆ."

"ಮತ್ತೆ? ಬಯ್ಯಿ" ಎಂದಳು ಅಲೆಂಕಾ ತಲೆ ತಗ್ಗಿಸಿ.

ನೋನಾ ಬಾಣಲೆ ತಿರುವಿದರು. "ಬಯ್ಯೋಕಾಗ್ತಿಲ್ಲ ಕಣೆ" ಎಂದರು ಕೊನೆಗೆ. "ಹಾರಿ. ಆದ್ರೆ ಇಬ್ಬರೂ ಒಟ್ಟಿಗೆ ಮಾತ್ರ ಹಾರಬೇಡಿ. ಒಬ್ಬರು ಮೇಲೆ, ಒಬ್ಬರು ಕೆಳಗೆ. ಗಾಳಿ ಸರಿಯಿಲ್ಲದ ದಿನ ಯಾರೂ ಬೇಡ. ಇನ್ನು ಸುಳ್ಳು ಹೇಳಿದ್ರೆ ನಾನೇ ನೂಕ್ತೀನಿ, ರೆಕ್ಕೆ ಇಲ್ಲದೆ!"

ಸಂಜೆಯ ಹೊತ್ತಿಗೆ ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿತು. ಮೊದಲ ಶನಿವಾರ ನೋನಾ. ಎರಡನೆಯದು ಅಲೆಂಕಾ. ಮೂರನೆಯದು ನೋನಾ. ನಾಲ್ಕನೆಯದು ಅಲೆಂಕಾ.

"ನನ್ನ ಹೆಸರೇ ಇಲ್ವಲ್ಲ!" ಎಂದೆ.

"ಮರ ಇಲ್ಲದ ಮೈದಾನ ಸಿಗಲಿ, ಆಮೇಲೆ ನೋಡೋಣ" ಎಂದಳು ನನ್ನ ಧರ್ಮಪತ್ನಿ.

ಹೀಗಾಗಿ ಮುಂದಿನ ಶನಿವಾರ ನಾನು ಮತ್ತು ಮಾವ ಅದೇ ಬೆಂಚಿನ ಮೇಲೆ ಕೂತಿದ್ದೆವು. ನಡುವೆ ಬ್ರಿನಾಳ ಗಾಡಿ. ಮೇಲೆ ನೋನಾರ ಕೇಕೆ.

"ಮಾವ, ಈ ಥರ ಅಪಾಯದ ಹುಚ್ಚು ನಿಮಗೆ ಯಾವತ್ತೂ ಇರಲಿಲ್ವಾ?" ಎಂದು ಕೇಳಿದೆ.

"ಇತ್ತಪ್ಪ ಒಂದು" ಎಂದರು ಅವರು, ಮಗುವಿನ ಟೋಪಿ ಸರಿಮಾಡುತ್ತಾ. "ಅಲೆಂಕಾ ಹುಟ್ಟಿದ ವರ್ಷವೇ ಬಿಟ್ಟುಬಿಟ್ಟೆ."

"ಬೆಟ್ಟ ಹತ್ತೋದಾ?"

"ಅಲ್ಲ."

"ಮೋಟಾರ್ ಸೈಕಲ್ಲಾ?"

"ಅದೆಲ್ಲ ಏನು ಮಹಾ ಅಪಾಯ!" ಮಾವ ಒಮ್ಮೆ ಆಕಾಶದ ಕಡೆ ನೋಡಿ, ಜೋಡಿ ರೆಕ್ಕೆ ಸಾಕಷ್ಟು ದೂರವಿದೆ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮತ್ತೆಗೆ ಎದುರುತ್ತರ ಕೊಡೋದು!"