ಗೌರೀಶನ ಗ್ಯಾರೇಜ್ ಸಂಧಾನ

“ಎಂಥಾ ಜಗಳ ಇದ್ರೂ ನನ್ನ ಮುಂದ ತರ್‍ರಿ, ಒಂದು ತಾಸಿನ್ಯಾಗ ಇಬ್ರೂ ತಬ್ಬಿಕೊಳ್ಳೂಹಂಗ ಮಾಡ್ತೀನಿ!”

ಆಫೀಸಿನವರು ಮೀಡಿಯೇಷನ್ ಟ್ರೇನಿಂಗಿಗೆ ಕಳಿಸಿದ್ದೇ ತಡ, ಟ್ರುಗನಿನಾ ಬಡಾವಣೆಯ ಗೌರೀಶ ಶಾಂತಿದೂತನಾಗಿಬಿಟ್ಟಿದ್ದ!

“ಮೊದ್ಲು ನಮ್ಮ ಮಕ್ಕಳ ಜಗಳ ಬಿಡಸ್ರಿ,” ಎಂದಳು ಹೆಂಡತಿ ಪಲ್ಲವಿ.

“ಸಣ್ಣ ಕೇಸ್ ತಗೊಳ್ಳೂದಿಲ್ಲ!”

ದೊಡ್ಡ ಕೇಸ್ ಎದುರು ಸಾಲಿನಲ್ಲೇ ಇತ್ತು. ಮಂಗಳೂರು ಕಡೆಯ ಕ್ಲಿಫರ್ಡ್, ಚರ್ಚ್ ಹಬ್ಬದ ಬ್ಯಾಂಡಿಗೆಂದು ಬೆಳ್ಳಂಬೆಳಿಗ್ಗೆ ಟ್ರಂಪೆಟ್ ಊದುತ್ತಿದ್ದ. ಅವನ ಪಕ್ಕದ ಮನೆಯ, ಹುಬ್ಬಳ್ಳಿ ಕಡೆಯ ಚನ್ನಬಸಯ್ಯ ಅದೇ ಹೊತ್ತಿಗೆ ಧ್ಯಾನಕ್ಕೆ ಕೂರುತ್ತಿದ್ದರು. ವಿಷಯ ಕೌನ್ಸಿಲ್‌ಗೆ ದೂರು ಕೊಡುವತನಕ ಬಂದಿತ್ತು. ಗೌರೀಶ ಇಬ್ಬರನ್ನೂ ತನ್ನ ಮನೆಗೆ ಕರೆದು ಸೋಫಾದ ಎರಡು ತುದಿಗೆ ಕೂರಿಸಿದ.

“ಕಣ್ಣು ಮುಚ್ಚಿದ್ರ ಸಾಕು, ಪೇಂ ಅಂತದ್ರಿ!” ಎಂದರು ಚನ್ನಬಸಯ್ಯ.

“ಪ್ರಾಕ್ಟೀಸ್ ಇಲ್ಲದೆ ಹಬ್ಬದಲ್ಲಿ ಎಂಥ ಊದುದು ಮಾರಾಯ್ರೆ?”

“ಇಬ್ರೂ ಸುಮ್ಮನಿರ್‍ರಿ! ಮಾತಾಡಿಸೋದು ನನ್ನ ಕೆಲಸ!” ಎಂದ ಗೌರೀಶ, ತಾನೊಬ್ಬನೇ ಮಾತಾಡತೊಡಗಿದ. ಸಂಘರ್ಷದ ಮೂಲ, ಆಲಿಸುವ ಕಲೆ, ಉಸಿರಾಟದ ಮಹತ್ವ... ಚಹಾ ಆರಿತು. ಸಂಜೆಯಾಯಿತು. ಶಾಂತಿದೂತನ ಬಾಯಿಗೆ ಮಾತ್ರ ಶಾಂತಿಯಿಲ್ಲ!

ಚನ್ನಬಸಯ್ಯ ಮೆಲ್ಲಗೆ ಕ್ಲಿಫರ್ಡನ ಪಕ್ಕಕ್ಕೆ ಸರಿದರು. “ಇದಕ್ಕಿಂತ ನಿಮ್ಮ ಟ್ರಂಪೆಟ್ಟೇ ಛಲೋ ಇತ್ತು ನೋಡ್ರಿ.”

ಕ್ಲಿಫರ್ಡ್ ನಕ್ಕುಬಿಟ್ಟ. “ನಿಮಗೆ ಸಂಗೀತ ಉಂಟಾ ಅಂಕಲ್?”

“ಒಂದು ಕಾಲಕ್ಕ ತಬಲಾ ಬಾರಸ್ತಿದ್ದೆ. ಈಗ ಮನ್ಯಾಗ ಕೂಸು ಮಲಗಿರ್ತದ, ಮುಟ್ಟಂಗಿಲ್ಲ.”

“ಸಂಜೆ ಒಟ್ಟಿಗೆ ನುಡಿಸುವನಾ? ಜಾಗ ಒಂದು ಸಿಕ್ಕಿದ್ರೆ ಸಾಕು. ಮತ್ತೆ ಬೆಳಿಗ್ಗೆ ನಿಮ್ಮ ಧ್ಯಾನಕ್ಕೆ ನನ್ನ ಕಿರಿಕಿರಿ ಇಲ್ಲ.”

ಇಬ್ಬರೂ ಕೈ ಕುಲುಕಿದರು. ತನ್ನ ಭಾಷಣದ ಪ್ರಭಾವ ಕಂಡು ಗೌರೀಶನ ಕಣ್ಣು ತುಂಬಿ ಬಂತು. “ಜಾಗಕ್ಕ ಯಾಕ ಚಿಂತಿ? ನನ್ನ ಗ್ಯಾರೇಜ್ ತಗೊಳ್ರಿ!” ಎಂದುಬಿಟ್ಟ.

ಮರುದಿನದಿಂದ ಕಾರು ಬೀದಿಗೆ ಬಿತ್ತು. ಆಫೀಸಿನಿಂದ ಸುಸ್ತಾಗಿ ಬಂದರೆ ಗ್ಯಾರೇಜಿನಲ್ಲಿ ಪೇಂ ಪೇಂ, ಧಿನ್ ಧಿನ್! ಗೋಡೆ ನಡುಗುತ್ತಿತ್ತು, ಜೊತೆಗೆ ಗೌರೀಶನೂ. ಶನಿವಾರ ತಡೆಯಲಾಗದೆ ನುಗ್ಗಿದ.

“ಸಾಕು ಮಾಡ್ರಿ! ಇದು ನನ್ನ ಮನಿ!”

“ಇದೆಂಥ? ನೀವೇ ಕೊಟ್ಟ ಜಾಗ ಅಲ್ವಾ ಮಾರಾಯ್ರೆ?” ಎಂದ ಕ್ಲಿಫರ್ಡ್. ಚನ್ನಬಸಯ್ಯನವರೂ ಗೋಣು ಹಾಕಿದರು. ಒಂದು ವಾರದ ಹಿಂದೆ ಒಬ್ಬರ ಮುಖ ಒಬ್ಬರು ನೋಡದವರು ಈಗ ಒಂದೇ ಪಕ್ಷ!

ಅಷ್ಟರಲ್ಲಿ ಪಲ್ಲವಿ ಬಂದಳು. ಗೌರೀಶನಿಗೆ ಹೋದ ಜೀವ ಬಂದಂತಾಯಿತು. “ನೀನರ ಹೇಳು ಪಲ್ಲವಿ! ನೀ ಯಾರ ಕಡಿ?”

ಪಲ್ಲವಿ ನೇರವಾಗಿ ಹೋಗಿ ತಬಲಾದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು.

“ನಾನ? ಹಾಡೋಕಿ! ನೀವು ಬಾಯಿ ಮುಚ್ಚಿ ಬಾಗಿಲಾ ಹಾಕ್ಕೊಂಡು ಹೋಗ್ರಿ, ಶ್ರುತಿ ತಪ್ತದ!”